ನೀರು ಬಿಸಿ ಇದೆಯಾ ಅಂತ ನನ್ನ ಕಾಲನ್ನು ಕೇಳಬೇಡಿ

ಮಗಳ ಬಾಣಂತನ ಮುಗಿಯಿತು. ಅಳಿಯ ಬಂದು ಅವಳನ್ನೂ ಕೂಸನ್ನೂ ಕರೆದುಕೊಂಡು ಹೋದ ಮೇಲೆ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನನ್ನದೇ ಹಿಮ್ಮಡಿಗಳು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ ಎರೆದು, ಆಮೇಲೆ ಬಾಣಂತಿಯ ಎಣ್ಣೆ ನೀರು, ಅದಾದ ಮೇಲೆ ಬಟ್ಟೆಯ ರಾಶಿ. ಸೋಪಿನ ನೀರಲ್ಲಿ ನೆಂದು ಒಣಗಿ ಹಿಮ್ಮಡಿಯೆಲ್ಲ ಬಿರುಕು ಬಿಟ್ಟಿತ್ತು. ಸೀರೆಯ ಅಂಚು ಅದಕ್ಕೆ ಸಿಕ್ಕಿಕೊಂಡು ಎಳೆ ಕೀಳುತ್ತಿತ್ತು.

"ನೀನೇನೂ ಮಾಡಬೇಡ ಅಮ್ಮ, ಒಂದು ಸಲ ಪಾರ್ಲರ್‌ಗೆ ಹೋಗಿ ಪೆಡಿಕ್ಯೂರ್ ಮಾಡಿಸ್ಕೋ" ಅಂತ ಮಗಳು ಫೋನಿನಲ್ಲಿ ಒತ್ತಾಯ ಮಾಡಿದಳು. ನನಗೂ ಆಸೆಯಿತ್ತು. ಅಷ್ಟು ದಿನ ಇಬ್ಬರ ಮೈ ತಿಕ್ಕಿದವಳಿಗೆ ತನ್ನ ಕಾಲನ್ನೂ ಯಾರಾದರೂ ಹಿಡಿದು ಒತ್ತಲಿ ಅನ್ನಿಸುವುದರಲ್ಲಿ ತಪ್ಪೇನಿದೆ? ಮೈಸೂರಿನಲ್ಲಿ ನಮ್ಮ ಬಡಾವಣೆಯಲ್ಲೇ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಪಾರ್ಲರ್ ಇದೆ. ಮಧ್ಯಾಹ್ನ ಊಟ ಮುಗಿಸಿ ಹೊರಟೆ.

ಒಳಗೆ ಎತ್ತರದ ಕುರ್ಚಿ, ಕೆಳಗೆ ನೀರಿನ ಟಬ್ಬು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಕೂತೆ. ಪಕ್ಕದ ಕುರ್ಚಿಯಲ್ಲಿ ಮದುವೆ ಗೊತ್ತಾದ ಹುಡುಗಿಯೊಬ್ಬಳು, ಅವಳ ಜೊತೆಗೆ ಬಂದ ದೊಡ್ಡಮ್ಮನೋ ಅತ್ತೆಯೋ ಒಬ್ಬರು. ನನ್ನ ಎದುರಿಗೆ ಗಿಡ್ಡ ಸ್ಟೂಲು ಹಾಕಿಕೊಂಡು ಕೂತ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ನಂಜನಗೂಡು ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳಂತೆ. ಟಬ್ಬಿಗೆ ಉಪ್ಪು, ಶಾಂಪೂ ಹಾಕಿ ನನ್ನ ಕಾಲನ್ನು ಇಳಿಸಲು ಕೈ ಚಾಚಿ ಕೇಳಿದಳು: "ಕಾಲಿಟ್ಟು ನೋಡಿ ಮೇಡಂ, ಬಿಸಿ ಸರಿಯಾಗಿದ್ಯಾ?"

ಎಲ್ಲರಿಗೂ ಕೇಳುವ ಸಾಮಾನ್ಯ ಪ್ರಶ್ನೆ ಅದು. ಅದಕ್ಕೆ ಉತ್ತರ ಹೇಳುವ ಶಕ್ತಿ ನನ್ನ ಕಾಲಿಗೆ ಇಲ್ಲ.

ನನಗೆ ಬಹಳ ವರ್ಷಗಳಿಂದ ಶುಗರ್ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿಯೇ ಇದ್ದರೆ ನರಗಳು ಹಾಳಾಗುತ್ತಾ ಬರುತ್ತವೆ, ಅದರಲ್ಲೂ ಉದ್ದದ ನರಗಳು ಮೊದಲು. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರಗಳು ಹೋಗುವುದು ಕಾಲ್ಬೆರಳಿಗೆ. ಡಾಕ್ಟರು ಪರೀಕ್ಷೆ ಮಾಡುವಾಗ ಕಣ್ಣು ಮುಚ್ಚಿಸುತ್ತಾರೆ. 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ "ಈಗ ಗೊತ್ತಾಯ್ತಾ? ಈಗ?" ಅಂತ ಕೇಳುತ್ತಾರೆ. ನನ್ನ ಹೆಬ್ಬೆರಳ ಬುಡದಲ್ಲಿ, ಹಿಮ್ಮಡಿಯಲ್ಲಿ ಅವರು ಒತ್ತಿದ್ದು ನನಗೆ ತಿಳಿಯಲೇ ಇಲ್ಲ. ಅವತ್ತೇ ಅವರು ಬಿಡಿಸಿ ಹೇಳಿದ್ದರು. ಕಾಲಿಗೆ ಹಾಕುವ ನೀರು 37 ಡಿಗ್ರಿ ಮೀರಬಾರದು, ಅಂದರೆ ಮೈಬಿಸಿಯಷ್ಟೇ. ಬಹಳ ಹೊತ್ತು ನೆನೆಸಬಾರದು. ಜಡ್ಡುಗಟ್ಟಿದ ಚರ್ಮವನ್ನಾಗಲಿ ಆಣಿಯನ್ನಾಗಲಿ ಬ್ಲೇಡು ಹಾಕಿ ಹೆರೆಯಬಾರದು. ಮನೆಯೊಳಗೂ ಚಪ್ಪಲಿ ಬೇಕು. ಹೀಗಾಗಿ ಕೂಸಿಗೆ ನೀರು ಹದ ನೋಡುವಾಗ ಮೊಣಕೈ ಅದ್ದುತ್ತಿದ್ದೆನಲ್ಲ, ಅದರಲ್ಲಿ ಕೂಸಿನ ಮೈಯ ಜೊತೆಗೆ ನನ್ನ ಕಾಲಿನ ರಕ್ಷಣೆಯೂ ಇತ್ತು.

"ನಿನ್ನ ಮೊಣಕೈ ಅದ್ದಿ ನೋಡಮ್ಮ. ನನಗೆ ಶುಗರ್ ಇದೆ, ಕಾಲಿಗೆ ಬಿಸಿ ಗೊತ್ತಾಗಲ್ಲ" ಅಂದೆ.

ಮೆಲ್ಲಗೇ ಹೇಳಿದ್ದೆ. ಆದರೂ ಪಾರ್ಲರ್ ಚಿಕ್ಕದು, ಎಲ್ಲರಿಗೂ ಕೇಳಿಸಿತು. ಮದುವೆ ಹುಡುಗಿ ತಿರುಗಿ ನನ್ನ ಮುಖ ಬಿಟ್ಟು ಕಾಲು ನೋಡಿದಳು. ಜೊತೆಗಿದ್ದ ಹೆಂಗಸು ಹಾಗಲಕಾಯಿ ರಸದಿಂದ ಶುರುಮಾಡಿ ಮೆಂತ್ಯ, ನೇರಳೆ ಬೀಜದ ಪುಡಿ ಎಲ್ಲ ಹೇಳತೊಡಗಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನಿಜ. ಆದರೆ ಸೀರೆ ಎತ್ತಿ ಹಿಡಿದು, ಅರಿಯದವರ ಮುಂದೆ ಬರಿಗಾಲು ತೋರಿಸಿಕೊಂಡು ಕೂತವಳಿಗೆ ಆ ಹೊತ್ತಿನಲ್ಲಿ ಕಾಯಿಲೆಯ ವಿಚಾರಣೆ ಬೇಕಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು.

ಹುಡುಗಿ ಮೊಣಕೈ ಅದ್ದಿದಳು. ಅದ್ದಿದ ಕೂಡಲೇ ಎತ್ತಿಕೊಂಡಳು. ಒಂದು ಮಗ್ಗು ತಣ್ಣೀರು ಸುರಿದು, ಮತ್ತೆ ಅದ್ದಿ, ಇನ್ನೊಂದು ಮಗ್ಗು ಸುರಿದಳು. ಆ ನೀರಿನಲ್ಲಿ ನಾನು ಕಾಲಿಟ್ಟು "ಸರಿಯಾಗಿದೆ" ಅಂದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಬೊಬ್ಬೆ ಎದ್ದರೂ ನೋವಿಲ್ಲ. ರಾತ್ರಿ ಕಾಲು ತೊಳೆಯುವಾಗ ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಕೀವಾದ ಮೇಲೆ. ಶುಗರ್ ಕಾಲಿನ ರಕ್ತನಾಳಗಳನ್ನೂ ಕಿರಿದು ಮಾಡುವುದರಿಂದ ಗಾಯ ಬೇಗ ಮಾಯುವುದಿಲ್ಲ. ಸಣ್ಣ ಗಾಯದಿಂದ ಬೆರಳು, ಬೆರಳಿನಿಂದ ಪಾದ ಕಳೆದುಕೊಂಡವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತದ್ದನ್ನು ನೋಡಿದ್ದೇನೆ.

ಮುಂದಿನದು ಬ್ಲೇಡು. ಹಿಮ್ಮಡಿ ಹೆರೆಯುವ ಸಾಧನವನ್ನು ಅವಳು ತಟ್ಟೆಯಿಂದ ಎತ್ತಿಕೊಂಡಾಗ "ಅದು ಬೇಡ" ಅಂದೆ. ಅಷ್ಟರಲ್ಲಿ ಮಾಲಕಿ ಕೌಂಟರಿನಿಂದ ಎದ್ದು ಬಂದರು.

"ಆಂಟಿ, ಎಷ್ಟೋ ಜನ ಶುಗರ್ ಇರೋರು ನಮ್ಮಲ್ಲಿ ಬರ್ತಾರೆ. ಯಾರಿಗೂ ಏನೂ ಆಗಿಲ್ಲ. ಬ್ಲೇಡ್ ಹಾಕದೆ ಇಷ್ಟು ಕ್ರ್ಯಾಕ್ ಹೇಗೆ ಹೋಗುತ್ತೆ?"

"ಹೋಗದಿದ್ರೆ ಪರವಾಗಿಲ್ಲ. ಮೆಲ್ಲಗೆ ಉಜ್ಜಿ ಎಣ್ಣೆ ಹಚ್ಚಿದ್ರೆ ಸಾಕು."

"ಹಾಗಾದ್ರೆ ಬರೀ ನೇಲ್ ಪಾಲಿಶ್ ಹಾಕಿಸ್ಕೊಂಡು ಹೋಗಿ ಆಂಟಿ. ಆಮೇಲೆ ರಿಸಲ್ಟ್ ಬರ್ಲಿಲ್ಲ ಅನ್ಬೇಡಿ."

ನನಗೆ ನೋವಾದದ್ದು ಈ ಮಾತಿಗೆ. ಕಾಯಿಲೆ ಇರುವ ಹೆಂಗಸು ಸುಖ ಬಯಸಿ ಬಂದರೆ, ಒಂದೋ ಎಲ್ಲರ ಹಾಗೆ ಬ್ಲೇಡಿಗೆ ಕಾಲು ಕೊಡಬೇಕು, ಇಲ್ಲವೇ ಬಣ್ಣ ಹಚ್ಚಿಸಿಕೊಂಡು ಎದ್ದು ಹೋಗಬೇಕು. ನಡುವೆ ಇನ್ನೊಂದು ದಾರಿ ಅವರಿಗೆ ತೋಚಲಿಲ್ಲ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹವಿದೆ. ಆ ಕುರ್ಚಿಯಲ್ಲಿ ಕೂರುವ ನನ್ನ ವಯಸ್ಸಿನವರಲ್ಲಿ ನನ್ನಂಥವರು ವಿರಳವೇನಲ್ಲ. ತಮಗೆ ಶುಗರ್ ಇದೆ ಅನ್ನುವುದೇ ಗೊತ್ತಿಲ್ಲದವರೂ ಕೂತು ಎದ್ದು ಹೋಗಿರುತ್ತಾರೆ. 'ಯಾರಿಗೂ ಏನೂ ಆಗಿಲ್ಲ' ಅನ್ನುವುದು ಅವರಿಗೆ ಹೇಗೆ ಗೊತ್ತು? ಗಾಯ ಕಾಣುವುದು ಮನೆಗೆ ಹೋದ ಮೇಲೆ, ಎಷ್ಟೋ ದಿನಕ್ಕೆ. ಅದನ್ನು ಹೇಳಲು ಯಾರೂ ಪಾರ್ಲರ್‌ಗೆ ವಾಪಸ್ ಬರುವುದಿಲ್ಲ.

ನಾನು ಏಳಲಿಲ್ಲ. "ಪೂರ್ತಿ ದುಡ್ಡು ಕೊಡ್ತೀನಿ, ನಾನು ಹೇಳಿದ ಹಾಗೆ ಮಾಡಿದ್ರೆ ಸಾಕು" ಅಂದೆ. ಮಾಲಕಿ ಹುಡುಗಿಗೆ ಕಣ್ಣಲ್ಲೇ ಏನೋ ಹೇಳಿ ಹೋದರು.

ಆಮೇಲೆ ಆದದ್ದನ್ನು ನಾನು ಸಮಾಧಾನದಿಂದ ನೆನೆಯುತ್ತೇನೆ. ಹುಡುಗಿ ಉಗುರನ್ನು ಮೂಲೆ ಒಳಗೆ ಕೊರೆಯದೆ ನೇರವಾಗಿ ಕತ್ತರಿಸಿದಳು. ಉಗುರಿನ ಬುಡದ ಚರ್ಮ ನೂಕುವ ಲೋಹದ ಕಡ್ಡಿಯನ್ನು ನಾನು ಹೇಳುವ ಮೊದಲೇ ಪಕ್ಕಕ್ಕಿಟ್ಟಳು. ಎಣ್ಣೆ ಹಚ್ಚುವಾಗ ಒಂದೊಂದು ಜಾಗ ಒತ್ತಿ, "ಇಲ್ಲಿ ಗೊತ್ತಾಗುತ್ತಾ ಅಮ್ಮ? ಇಲ್ಲಿ?" ಅಂತ ಕೇಳಿದಳು. ಮೇಡಂ ಹೋಗಿ ಅಮ್ಮ ಬಂದಿತ್ತು. ಅಂಗಾಲಿನಲ್ಲಿ ಮಂಕು ಮಂಕು, ಗಿಣ್ಣಿನ ಹತ್ತಿರ ಬರುವಾಗ ಚೆನ್ನಾಗಿ, ಮೀನಖಂಡದಲ್ಲಿ ಪೂರ್ತಿ. ಅವಳ ಕೈ ಮೇಲೆ ಮೇಲೆ ಬಂದಂತೆ ಸ್ಪರ್ಶ ನನಗೆ ವಾಪಸ್ ಸಿಗುತ್ತಾ ಹೋಯಿತು. ನಮ್ಮಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುವುದು ನಮಸ್ಕಾರಕ್ಕೆ, ಒಂದು ಕ್ಷಣ. ಒಬ್ಬರು ಇಷ್ಟು ಹೊತ್ತು, ಇಷ್ಟು ಗಮನದಿಂದ ನನ್ನ ಪಾದ ಹಿಡಿದು ಕೂತದ್ದು ನನಗೆ ನೆನಪಿಲ್ಲ. ಬೆರಳ ಸಂದಿಯಲ್ಲಿ ಎಣ್ಣೆ ಉಳಿಯಬಾರದು, ಅಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ ಅಂದೆ. ಟವೆಲಿನ ತುದಿಯನ್ನು ಒಂದೊಂದೇ ಸಂದಿಗೆ ಹಾಕಿ ಒರೆಸಿದಳು.

ಒರೆಸುತ್ತಲೇ ಕೇಳಿದಳು: "ಅಮ್ಮ, ನಮ್ಮಪ್ಪನ ಕಾಲಿಗೆ ಗದ್ದೆಯಲ್ಲಿ ಏನೋ ಚುಚ್ಚಿ ಬಹಳ ದಿನ ಆಯ್ತು, ಒಣಗ್ತಾನೇ ಇಲ್ಲ. ನೋವೇ ಇಲ್ಲ ಅಂತಾರೆ. ಅದೂ ಶುಗರ್ ಇರ್ಬಹುದಾ?"

"ಇದೆಯೋ ಇಲ್ಲವೋ ನಾನು ಹೇಳೋಕಾಗಲ್ಲ ಕಣಮ್ಮ. ನೋವಿಲ್ಲ ಅನ್ನೋದೇ ನನಗೆ ಹೆದರಿಕೆ. ನಾಳೆನೇ ಆಸ್ಪತ್ರೆಗೆ ಕರ್ಕೊಂಡು ಹೋಗು, ಭಾನುವಾರದವರೆಗೆ ಕಾಯಬೇಡ." ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಟ್ಟಿಯಾಗಿ ಶುಗರ್ ನೋಡುತ್ತಾರೆ ಅಂತಲೂ ಹೇಳಿದೆ. ನಾಳೆ ರಜೆ ಕೊಡುತ್ತಾರೋ ಇಲ್ಲವೋ ಅನ್ನುವ ಹಾಗೆ ಅವಳು ಕೌಂಟರಿನ ಕಡೆ ನೋಡಿದಳು. ಬ್ಯೂಟಿಷಿಯನ್ ಕೋರ್ಸಿನಲ್ಲಿ ಇದನ್ನೆಲ್ಲ ಹೇಳಿಕೊಟ್ಟಿರಲಿಲ್ಲವೇ ಅಂದರೆ, ಅವಳು ಕೋರ್ಸು ಮಾಡಿದವಳೇ ಅಲ್ಲ. ಇಲ್ಲೇ ನೋಡಿ ನೋಡಿ ಕಲಿತವಳು.

ಹಾಗಿರುವಾಗ ಅವಳನ್ನು ದೂರಿ ಏನು ಪ್ರಯೋಜನ? ಕೆಲಸ ಕಲಿಸಿದವರು ಕಲಿಸಬೇಕಿತ್ತು. ದುಡ್ಡು ಕೊಡುವಾಗ ಕೌಂಟರಿನ ಮೇಲೆ ಬುಕಿಂಗ್ ಪುಸ್ತಕ ತೆರೆದಿತ್ತು. ಹೆಸರು, ಫೋನ್ ನಂಬರ್, ಯಾವ ಸರ್ವೀಸ್, ಎಷ್ಟು ಗಂಟೆಗೆ ಅಂತ ಗೆರೆ ಎಳೆದ ಕಾಲಂಗಳು. "ಇದರ ಪಕ್ಕದಲ್ಲಿ ಶುಗರ್ ಇದೆಯಾ ಅಂತ ಇನ್ನೊಂದು ಕಾಲಂ ಹಾಕಿ. ಫೋನಿನಲ್ಲೇ ಕೇಳಿ ಬರೆದುಕೊಂಡರೆ ನನ್ನಂಥವರು ಎಲ್ಲರ ಮುಂದೆ ಹೇಳಿಕೊಳ್ಳೋದು ತಪ್ಪುತ್ತೆ. ನಿಮಗೂ ಒಳ್ಳೇದು" ಅಂದೆ. ಹುಡುಗಿಗೆ ನಾಳೆ ಬೆಳಿಗ್ಗೆ ಬಿಡುವು ಕೊಡಿ ಅಂತಲೂ ಕೇಳಿದೆ.

ಬಿಡುವಿಗೆ ಆಯಿತು ಅಂದರು. ಕಾಲಂ ವಿಷಯಕ್ಕೆ "ನೋಡೋಣ ಆಂಟಿ" ಅಂದರು. ಗೌರಿ ಹಬ್ಬಕ್ಕೆ ಮೊದಲು ಮತ್ತೆ ಹೋಗುವುದಿದೆ. ಆಗ ಆ ಪುಸ್ತಕವನ್ನು ತೆಗೆಸಿಯೇ ನೋಡುತ್ತೇನೆ.