ಗಾಡಿಗೆ ಕಟ್ಟಿದ್ದಾ, ನೀರಿಗೆ ಕಟ್ಟಿದ್ದಾ?

ಕಳೆದ ಬೇಸಿಗೆಯಲ್ಲಿ ಅಮ್ಮ ಸ್ಟಾಕ್‌ಹೋಮಿಗೆ ಬಂದಿದ್ರು, ಎರಡು ತಿಂಗಳಿಗೆ ಅಂತ. ಜೂನಲ್ಲಿ ಇಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು, ಅಮ್ಮನಿಗೆ ದೇವರಿಗೆ ದೀಪ ಇಡುವ ಹೊತ್ತು ಯಾವುದು ಅಂತಲೇ ಗೊತ್ತಾಗ್ತಿರ್ಲಿಲ್ಲ, ಗಡಿಯಾರ ನೋಡಿ ಇಡ್ತಿದ್ರು. ಒಂದು ಸಂಜೆ ಸ್ಲುಸ್ಸೆನ್ ಹತ್ತಿರ ಕರ್ಕೊಂಡು ಹೋದೆ, ಅಲ್ಲಿ ಚಿನ್ನದ ಬಣ್ಣದ ದೊಡ್ಡ ಸೇತುವೆ ಒಂದುಂಟು, ಅದರ ನಡುವೆ ನಿಂತು ಕೆಳಗೆ ನೋಡ್ತಾ ನೋಡ್ತಾ ಅಮ್ಮ ಕೇಳಿದ್ರು, "ಇದು ಗಾಡಿಗೆ ಕಟ್ಟಿದ್ದಾ ಮಗಾ, ನೀರಿಗೆ ಕಟ್ಟಿದ್ದಾ?"

ನಾನು ಹತ್ತು ವರ್ಷದಿಂದ ಹೆಚ್ಚು ಕಡಿಮೆ ದಿನಾ ಈ ದಾರಿಯಲ್ಲೇ ಆಫೀಸಿಗೆ ಹೋಗಿ ಬರುವುದು. ಹಳೆಯದನ್ನು ಒಡೆಯುವಾಗಲೂ ಇದ್ದೆ, ಹೊಸತು ಕಟ್ಟುವಾಗಲೂ ಇದ್ದೆ. ಆದ್ರೆ ಅಮ್ಮ ಕೇಳಿದ ಹಾಗೆ ನಾನು ಯಾವತ್ತೂ ಕೇಳಿರ್ಲಿಲ್ಲ. ಊರಿಗೆ ಇದನ್ನು ಬರೀಬೇಕು ಅಂತ ಅವತ್ತೇ ಅನ್ನಿಸಿತ್ತು, ಯಾಕಂದ್ರೆ ನಮ್ಮ ಮಂಗಳೂರಿನವರಿಗೆ ಇದು ಬೇರೆ ಯಾರಿಗಿಂತಲೂ ಬೇಗ ಅರ್ಥ ಆಗ್ತದೆ.

ಮೊದಲು ಜಾಗ ಹೇಗುಂಟು ಹೇಳ್ತೇನೆ. ಒಂದು ಕಡೆ ಮೆಲಾರೆನ್ ಅಂತ ದೊಡ್ಡ ಸರೋವರ, ಸಿಹಿನೀರು. ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರದ ಒಳ ಬಂದ ನೀರು, ಉಪ್ಪು. ಎರಡರ ನಡುವೆ ಹಳೇ ಪೇಟೆ ಗಮ್ಲಾ ಸ್ಟಾನ್ ಒಂದು ದ್ವೀಪ, ಅದರ ದಕ್ಷಿಣಕ್ಕೆ ಸೋಡರ್‌ಮಾಲ್ಮ್ ಅಂತ ಇನ್ನೊಂದು ದೊಡ್ಡ ದ್ವೀಪ, ಇವೆರಡನ್ನು ಸೇರಿಸುವ ಸಣ್ಣ ಕುತ್ತಿಗೆಯಂಥ ಜಾಗವೇ ಸ್ಲುಸ್ಸೆನ್. ಸರೋವರದ ನೀರು ಸಮುದ್ರಕ್ಕಿಂತ ಸರಾಸರಿ ಒಂದು 70 ಸೆಂಟಿಮೀಟರ್ ಎತ್ತರದಲ್ಲಿ ನಿಂತಿರ್ತದೆ, ಅಷ್ಟೇ, ನಮ್ಮ ಸೊಂಟಕ್ಕೂ ಬರುವುದಿಲ್ಲ. ಎಂಟುನೂರು ವರ್ಷದ ಹಿಂದೆ ಮೆಲಾರೆನ್ ಕೂಡಾ ಸಮುದ್ರದ್ದೇ ಭಾಗ ಆಗಿತ್ತಂತೆ, ಇಲ್ಲಿ ನೆಲ ನಿಧಾನಕ್ಕೆ ಮೇಲೇಳ್ತಾ ಬಂದು (ಹಿಮಯುಗದ ಮಂಜುಗಡ್ಡೆಯ ಭಾರ ಹೋದದ್ದಕ್ಕೆ, ಈಗಲೂ ಏಳ್ತಾ ಉಂಟು) ಅದು ಕಡಲಿನಿಂದ ಬೇರೆಯಾಗಿ ಸರೋವರ ಆಯ್ತು. ಈಗ ಸುಮಾರು 20 ಲಕ್ಷ ಜನ ಕುಡಿಯುವುದು ಆ ನೀರನ್ನೇ.

ಸ್ಲುಸ್ಸೆನ್ ಅನ್ನುವ ಹೆಸರಿನ ಅರ್ಥವೇ ದೋಣಿ ದಾಟಿಸುವ ಗೇಟು ಅಂತ. ದೋಣಿ ಒಂದು ತೊಟ್ಟಿಯ ಒಳಗೆ ಬರ್ತದೆ, ಹಿಂದಿನ ಗೇಟು ಮುಚ್ತದೆ, ತೊಟ್ಟಿಯಲ್ಲಿ ನೀರು ಏರಿಸಿಯೋ ಇಳಿಸಿಯೋ ಆ ಕಡೆಯ ಮಟ್ಟಕ್ಕೆ ತಂದು ಮುಂದಿನ ಗೇಟು ತೆಗೀತಾರೆ. ಇಲ್ಲಿ ಮೊದಲನೆಯದು ಕಟ್ಟಿದ್ದು 1642ರಲ್ಲಿ, ಈಗ ಇರುವುದು ಐದನೆಯದು.

ಅಮ್ಮನಿಗೆ ಇದನ್ನು ವಿವರಿಸಲಿಕ್ಕೆ ನಾನು ಕೈಯಲ್ಲೆಲ್ಲ ತೋರಿಸ್ತಾ ಒದ್ದಾಡ್ತಿದ್ದೆ, ಅವರು ಅರ್ಧದಲ್ಲೇ ತಡೆದು "ಗೊತ್ತಾಯ್ತು ಗೊತ್ತಾಯ್ತು, ನಮ್ಮ ಕಿಂಡಿ ಅಣೆಕಟ್ಟಿನ ಹಾಗೆ" ಅಂದ್ರು. ಅಮ್ಮನ ತವರು ಗುರುಪುರ ಹೊಳೆಯ ಬದಿ. ಮಳೆ ಮುಗಿದ ಮೇಲೆ ಊರಿನವರೆಲ್ಲ ಸೇರಿ ಕಿಂಡಿಗೆ ಹಲಗೆ ಹಾಕುವುದು, ಎರಡು ಸಾಲು ಹಲಗೆ ಮಧ್ಯ ಮಣ್ಣು ತುಂಬಿಸಿ ಮೆಟ್ಟಿ ಗಟ್ಟಿ ಮಾಡುವುದು, ಇಲ್ಲದಿದ್ರೆ ಭರತ ಬಂದಾಗ ಉಪ್ಪುನೀರು ಮೇಲೆ ಹತ್ತಿ ಗದ್ದೆಯೂ ಹೋಯ್ತು ಬಾವಿಯೂ ಹೋಯ್ತು. ಮತ್ತೆ ಮಳೆಗಾಲಕ್ಕೆ ಮುಂಚೆ ಹಲಗೆ ತೆಗೀಲೇಬೇಕು, ತೆಗೀದೆ ಬಿಟ್ರೆ ನೆರೆ. ಒಂದು ವರ್ಷ ಹಲಗೆ ತೆಗೆಯುವುದು ನಾಲ್ಕು ದಿನ ತಡ ಆಗಿ ಅಜ್ಜನ ಮನೆಯ ಜಗಲಿವರೆಗೆ ನೀರು ಬಂದದ್ದನ್ನು ಅಮ್ಮ ಆ ಸೇತುವೆ ಮೇಲೆ ನಿಂತೇ ಹೇಳಿದ್ರು. ನೋಡಿ, ಇಲ್ಲಿಯ ಇಡೀ ಕೆಲಸ ಅದೇ. ಉಪ್ಪು ಒಳಗೆ ಬರಬಾರದು, ನೆರೆ ಹೊರಗೆ ಹೋಗಬೇಕು. ಅವರದ್ದು ಸ್ಟೀಲ್ ಗೇಟು, ನಮ್ಮದು ಮರದ ಹಲಗೆ, ಅಷ್ಟೇ ವ್ಯತ್ಯಾಸ. ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಇಲ್ಲದಿದ್ರೆ ಮಂಗಳೂರಿನ ನಲ್ಲಿಯಲ್ಲಿ ಬೇಸಿಗೆಯಲ್ಲಿ ಎಂತ ಬರ್ತಿತ್ತು ಯೋಚನೆ ಮಾಡಿ.

ಈಗ ಗಾಡಿಯ ವಿಷಯ. 1935ರಲ್ಲಿ ಈ ಜಾಗದಲ್ಲಿ ನಾಲ್ಕೆಲೆ ಸೊಪ್ಪಿನ ಆಕಾರದಲ್ಲಿ ಒಂದು ದೊಡ್ಡ ಇಂಟರ್‌ಚೇಂಜ್ ಕಟ್ಟಿದ್ರು, ಗಾಡಿ ಸುತ್ತು ಹಾಕಿ ಮೇಲೆ ಕೆಳಗೆ ಎಲ್ಲಿಯೂ ನಿಲ್ಲದೆ ಹೋಗುವ ಹಾಗೆ. ಆ ಕಾಲಕ್ಕೆ ಜಗತ್ತೇ ಬಂದು ನೋಡುವ ಹೊಸತು ಅದು. ಆಗ ಸ್ವೀಡನ್ನಲ್ಲಿ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಿಸ್ತಿದ್ರು, 1967 ಸೆಪ್ಟೆಂಬರ್ 3ಕ್ಕೆ ಇಡೀ ದೇಶ ಒಂದೇ ದಿನದಲ್ಲಿ ಬಲಕ್ಕೆ ಹೋಯ್ತು, ಆವಾಗಲೂ ಈ ಸುತ್ತು ರಸ್ತೆ ಕೈಕೊಡ್ಲಿಲ್ಲ. ಕಟ್ಟಿದವರ ತಲೆಗೆ ಶಹಭಾಸ್ ಹೇಳಲೇಬೇಕು. ಆದ್ರೆ ನೆಲ ಸರಿ ಇರ್ಲಿಲ್ಲ. ಕೆಳಗೆ ಹಳೇ ಕಾಲದಲ್ಲಿ ತುಂಬಿಸಿದ ಮಣ್ಣು, ಕಾಂಕ್ರೀಟು ಕುಸೀತಾ ಬಿರುಕು ಬಿಡ್ತಾ ಬಂತು. ನಾನು ಬಂದ ಹೊಸತರಲ್ಲಿ ಅದರ ಕೆಳಗಿನ ದಾರಿಯಲ್ಲಿ ನಡೀತಿದ್ದೆ, ಮೇಲಿಂದ ತೊಟ್ಟಿಕ್ಕುವ ನೀರು, ತುಕ್ಕು ಹಿಡಿದ ಕಂಬಿ ಹೊರಗೆ ಕಾಣ್ತಿತ್ತು, ಮೂತ್ರದ ವಾಸನೆ, ಕತ್ತಲೆ. ಎರಡೂ ಕಡೆ ಇಷ್ಟು ಚಂದದ ನೀರು ಇದ್ದೂ ನಡೆಯುವವರಿಗೆ ಅದು ಕಾಣ್ತಾನೇ ಇರ್ಲಿಲ್ಲ, ಎಲ್ಲಿ ನೋಡಿದ್ರೂ ರ‍್ಯಾಂಪು, ಗೋಡೆ, ಗಾಡಿ.

ನಮ್ಮ ಪಂಪ್‌ವೆಲ್ ಫ್ಲೈಓವರ್ ನೆನಪಾಗದೆ ಇರ್ತದಾ? ನಾನು ಊರು ಬಿಡುವಾಗ ಅಲ್ಲಿ ಬರೀ ಪಿಲ್ಲರ್. ಅಪ್ಪ ದಿನಾ ಬಸ್ಸಲ್ಲಿ ಬಂದು ಮಳೆಗಾಲದಲ್ಲಿ ಪಂಪ್‌ವೆಲ್ಲಲ್ಲಿ ಮೊಣಕಾಲಿನವರೆಗೆ ಕೆಸರು ನೀರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡ್ತಿದ್ರು, ಒಂದು ಸಲ ಚಪ್ಪಲಿ ಹೊಂಡದಲ್ಲೇ ಹೋಗಿ ಬರಿಗಾಲಲ್ಲಿ ಕೆಲಸಕ್ಕೆ ಹೋದವರು. ಅದು ಓಪನ್ ಆದದ್ದು 2020ರ ಜನವರಿ 31ಕ್ಕೆ, ಆ ಹೊತ್ತಿಗೆ ಅಪ್ಪ ರಿಟೈರ್ ಆಗಿ ಆಗಿತ್ತು. ಅದೇ ವರ್ಷ ಅಕ್ಟೋಬರ್ 25ಕ್ಕೆ ಇಲ್ಲಿ ಚಿನ್ನದ ಸೇತುವೆ ಓಪನ್. ತಡ ಅನ್ನುವ ವಿಷಯದಲ್ಲಿ ಇವರೇನೂ ಕಡಿಮೆ ಇಲ್ಲ ಅಂತ ಹೇಳಿಬಿಡ್ತೇನೆ, ಸ್ಲುಸ್ಸೆನ್ ಹೇಗೆ ಕಟ್ಟಬೇಕು ಅಂತ ಇಲ್ಲಿಯ ಜನ ವರ್ಷಗಟ್ಟಲೆ ಜಗಳ ಆಡಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಮೆರವಣಿಗೆ ಮಾಡಿದ್ದಾರೆ, ಒಡೀಲಿಕ್ಕೆ ಶುರು ಮಾಡಿದ್ದೇ 2016ರಲ್ಲಿ, ಖರ್ಚು ಅಂದಾಜಿಗಿಂತ ಎಷ್ಟೋ ಮೇಲೆ ಹೋಗಿದೆ. ನಂಗೆ ಆ ಜಗಳ ಮಾತ್ರ ಹೊಟ್ಟೆಕಿಚ್ಚು ಆಗುವಷ್ಟು ಇಷ್ಟ ಆಯ್ತು. ಎಷ್ಟು ಲೇನು, ಎಷ್ಟು ಎತ್ತರ, ಎಲ್ಲಿಂದ ನೀರು ಕಾಣಬೇಕು ಅಂತ ಬಸ್ಸಲ್ಲಿ ಪಕ್ಕ ಕೂತ ಮುದುಕಿ ಕೂಡಾ ಮಾತಾಡ್ತಿದ್ರು.

ಸೇತುವೆ ಬಂದದ್ದು ನಾನು ಕಣ್ಣಾರೆ ನೋಡಿದ್ದೇನೆ. 2020ರ ಮಾರ್ಚ್, ಕೊರೊನಾ ಸುದ್ದಿ ಜೋರಾಗ್ತಿದ್ದ ವಾರ. ಚೀನಾದಲ್ಲಿ ಪೂರ್ತಿ ಸೇತುವೆ ಮಾಡಿ, ಸುಮಾರು 140 ಮೀಟರ್ ಉದ್ದ, 45 ಮೀಟರ್ ಅಗಲ, ಮೂರು ಸಾವಿರ ಟನ್ನಿಗೂ ಹೆಚ್ಚು ಭಾರದ್ದು, ಇಡಿಯಾಗಿ ಒಂದು ಹಡಗಿನ ಮೇಲೆ ಇಟ್ಟು ಎರಡು ತಿಂಗಳು ಕಡಲಲ್ಲಿ ತಂದಿದ್ರು. ದ್ವೀಪಗಳ ನಡುವಿನಿಂದ ಆ ಹಡಗು ನಿಧಾನಕ್ಕೆ ಬರುವಾಗ ನಾವೆಲ್ಲ ದಂಡೆಯಲ್ಲಿ ದೂರ ದೂರ ನಿಂತಿದ್ವಿ, ತಣ್ಣನೆ ಗಾಳಿ, ಯಾರೂ ಜಾಸ್ತಿ ಮಾತಾಡ್ತಿರ್ಲಿಲ್ಲ, ಬೂದು ಆಕಾಶದ ಕೆಳಗೆ ಚಿನ್ನದ ಬಣ್ಣದ ಒಂದು ತುಂಡು ರಸ್ತೆ ನೀರಿನ ಮೇಲೆ ತಾನಾಗಿ ಬರ್ತಾ ಉಂಟು. ಉತ್ಸವಕ್ಕೆ ರಥ ಎಳೆಯುವಾಗ ರಥ ಬೀದಿಯ ತಿರುವಿನಲ್ಲಿ ಮೊದಲ ಸಲ ಕಾಣ್ತದಲ್ಲ, ಮೈ ಜುಂ ಅಂತದಲ್ಲ, ಹಾಗೇ ಆಯ್ತು ನಂಗೆ.

ಈಗ ಆ ಸೇತುವೆಯಲ್ಲಿ ಬಸ್ಸಿಗೆ ಬೇರೆ ಲೇನು, ಸೈಕಲ್ಲಿಗೆ ಬೇರೆ, ನಡೆಯುವವರಿಗೆ ಬೇರೆ, ಕಾರಿಗೆ ಮೊದಲಿಗಿಂತ ಕಡಿಮೆ ಜಾಗ. ಸುತ್ತು ರಸ್ತೆಗಳೆಲ್ಲ ಹೋಗಿವೆ. ಊರ ಹೊರಗಿಂದ ಬರುವ ಬಸ್ಸುಗಳಿಗೆ ಪಕ್ಕದ ಬಂಡೆ ಗುಡ್ಡ ಕೊರೆದು ಅದರ ಒಳಗೆ ಬಸ್‌ಸ್ಟ್ಯಾಂಡ್ ಮಾಡುವ ಕೆಲಸ, ಮೇಲೆ ಜನರ ಮನೆಗಳು, ಕೆಳಗೆ ಬಂಡೆ ಒಡೆಯುವುದು. ಅದೆಲ್ಲ ಬರೀಲಿಕ್ಕೆ ಹೋದ್ರೆ ಇನ್ನೊಂದು ಪೋಸ್ಟ್ ಆಗ್ತದೆ.

ಆದ್ರೆ ಅಮ್ಮನ ಪ್ರಶ್ನೆಗೆ ಉತ್ತರ ಇರುವುದು ಸೇತುವೆಯ ಕೆಳಗೆ. ಹೊಸ ಸ್ಲುಸ್ಸೆನ್ನಿನಿಂದ ಸರೋವರದ ನೀರನ್ನು ಸಮುದ್ರಕ್ಕೆ ಬಿಡುವ ಶಕ್ತಿ ಮೊದಲಿನ ಐದು ಪಟ್ಟು ಆಗುವ ಹಾಗೆ ಕಾಲುವೆ, ಗೇಟು ಕಟ್ಟಿದ್ದಾರೆ. ಇಸವಿ 2000ದ ಕೊನೆಗೆ ಭಾರೀ ಮಳೆಯಾಗಿ ಮೆಲಾರೆನ್ ತುಂಬಿ ನಿಂತಿತ್ತು, ಇನ್ನು ಸ್ವಲ್ಪ ಏರಿದ್ರೆ ಮೆಟ್ರೋ ಸುರಂಗಕ್ಕೆ ನೀರು ಅಂತ ಜನ ಹೆದರಿದ್ರು, ಆವಾಗ ಗೊತ್ತಾಯ್ತು ಇಲ್ಲಿಯ ಕಿಂಡಿ ಸಾಕಾಗುವುದಿಲ್ಲ ಅಂತ. ಮೀನು ಹತ್ತಿ ಹೋಗಲಿಕ್ಕೂ ಒಂದು ದಾರಿ ಇಟ್ಟಿದ್ದಾರೆ. ಅದನ್ನು ಹೇಳಿದಾಗ ಅಮ್ಮ ತುಂಬ ಹೊತ್ತು ಸುಮ್ಮನೆ ನಿಂತ್ರು. ಆಮೇಲೆ ಪರ್ಸಿನಿಂದ ಒಂದು ಕ್ರೋನ ನಾಣ್ಯ ತೆಗೆದು, ಉಳ್ಳಾಲ ಸಂಕದಲ್ಲಿ (ಸೇತುವೆಯಲ್ಲಿ) ಬಸ್ಸಿನ ಕಿಟಕಿಯಿಂದ ನೇತ್ರಾವತಿಗೆ ಹಾಕ್ತಾರಲ್ಲ ಹಾಗೆ, ಹಣೆಗೆ ಮುಟ್ಟಿಸಿ ನೀರಿಗೆ ಹಾಕಿದ್ರು.

ಅಲ್ಲಿಂದ ಇಳಿದು ಗಮ್ಲಾ ಸ್ಟಾನ್ ಕಡೆಯ ದಂಡೆಯಲ್ಲಿ ಮೀನು ಫ್ರೈ ತಗೊಂಡ್ವಿ. ಸ್ಟ್ರೊಮ್ಮಿಂಗ್ ಅಂತ ಸಣ್ಣ ಮೀನು, ಹಿಟ್ಟು ಹಚ್ಚಿ ಬೆಣ್ಣೆಯಲ್ಲಿ ಕಾಯಿಸಿ ಗಟ್ಟಿ ರೊಟ್ಟಿ ಮೇಲೆ ಈರುಳ್ಳಿ ಹಾಕಿ ಕೊಡ್ತಾರೆ. ಅಮ್ಮ ಮುಳ್ಳು ನೋಡಿಯೇ "ಇದು ಬೂತಾಯಿಯ ಸಂಬಂಧದ್ದೇ" ಅಂದ್ರು, ನಿಜ, ನಮ್ಮ ಬೂತಾಯಿ ಅಂದ್ರೆ ಸಾರ್ಡೀನ್, ಎರಡೂ ಹತ್ತಿರದ ಸಂಬಂಧದ ಮೀನೇ. ಮೆಣಸಿಲ್ಲ ಅನ್ನುವುದು ಒಂದೇ ಬೇಜಾರು. ದಂಡೆಯ ಕಲ್ಲಿನ ಮೇಲೆ ಕೂತು, ಕಾಲು ಕೆಳಗೆ ಬಿಟ್ಟು ತಿಂದ್ವಿ. ಊರ ನಡುವೆ, ಆಫೀಸು ಬಿಟ್ಟು ಬರುವವರು, ಮಕ್ಕಳ ಗಾಡಿ ತಳ್ಳುವವರು, ಗಾಳ ಹಾಕಿ ಕೂತ ಅಜ್ಜ ಒಬ್ಬ, ಎಲ್ಲರೂ ನೀರಿನ ಬದಿಯಲ್ಲಿ. ಯಾರೂ ಏಳಿ ಅಂತ ಹೇಳ್ಲಿಲ್ಲ.

ಆಗ ಅಮ್ಮ ಹೇಳಿದ್ದು, "ನಂಗೆ ಮದುವೆಯಾಗಿ ಬೋಳಾರಕ್ಕೆ ಬಂದು ನಲವತ್ತು ವರ್ಷ ಆಯ್ತು. ಮನೆಯಿಂದ ಹೊಳೆ ಕೂಗಳತೆ ದೂರ. ಇಷ್ಟು ವರ್ಷದಲ್ಲಿ ಒಂದು ದಿನ ಹೀಗೆ ಕೂತವಳಲ್ಲ."

ಅದು ನಂಗೆ ಚುಚ್ಚಿತು. ನಾವು ಎರಡು ಹೊಳೆಯ ಊರಿನವರು, ನೇತ್ರಾವತಿ ಒಂದು ಕಡೆ, ಗುರುಪುರ ಹೊಳೆ ಇನ್ನೊಂದು ಕಡೆ, ಅಳಿವೆ ಬಾಗಿಲಲ್ಲಿ ಎರಡೂ ಸೇರಿ ಕಡಲಿಗೆ. ಒಂದು ಕಾಲದಲ್ಲಿ ಊರಿನ ಮುಖವೇ ಹೊಳೆಯ ಕಡೆಗಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಫ್ಯಾಕ್ಟರಿ ಹಾಕಿದ್ದು ಹೊಳೆ ಬದಿ ಅಂತಲೇ, ಮಣ್ಣು ಬರುವುದೂ ದೋಣಿಯಲ್ಲಿ, ಹಂಚು ಹೋಗುವುದೂ ದೋಣಿಯಲ್ಲಿ. ಆಮೇಲೆ ಹೈವೇ ಬಂತು, ಊರು ಹೈವೇ ಕಡೆ ತಿರುಗಿ ಕೂತಿತು, ಹೊಳೆ ಹಿತ್ತಿಲಾಯ್ತು. ಹಿತ್ತಿಲಿಗೆ ಎಂತ ಹಾಕ್ತೇವೆ ನಾವು, ಕಸ, ಚರಂಡಿ ನೀರು. ಈಗ ನೇತ್ರಾವತಿ ಬದಿಯಲ್ಲಿ ನಡೆಯುವ ದಾರಿ ಅಂತ ಸ್ಮಾರ್ಟ್ ಸಿಟಿ ಕೆಲಸ ಕೈಗೆತ್ತಿಕೊಂಡಿದ್ದಾರೆ, ನಂಗೆ ಖುಷಿಯೇ, ಆದ್ರೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಕಡಿದು ಕಾಂಕ್ರೀಟು ಸುರಿದು ಲೈಟು ಹಾಕಿದ್ರೆ ಅದು ದಂಡೆ ಆಗುವುದಿಲ್ಲ, ಪಾರ್ಕಿಂಗ್ ಆಗ್ತದೆ. ಬಲೆ ಒಣಗಿಸುವವರಿಗೆ ಜಾಗ ಎಲ್ಲಿ, ಮಳೆಗಾಲದ ನೀರಿಗೆ ಜಾಗ ಎಲ್ಲಿ, ನಡೆದು ಬರುವ ಅಮ್ಮನಂಥವರಿಗೆ ರಸ್ತೆ ದಾಟಲಿಕ್ಕೆ ಜಾಗ ಎಲ್ಲಿ, ಇದನ್ನು ಕೆಲಸ ಶುರು ಮಾಡುವ ಮೊದಲೇ ಕೇಳಬೇಕು ನಾವು, ಇಲ್ಲಿಯವರ ಹಾಗೆ ಜಗಳ ಮಾಡಿಯಾದರೂ ಕೇಳಬೇಕು. ಕೂಳೂರಿನ ಸಂಕದ ವಿಷಯದಲ್ಲೂ ಅಷ್ಟೇ, ಎಷ್ಟು ಲೇನು ಅಂತ ಮಾತ್ರ ಸುದ್ದಿ ಬರ್ತದೆ, ಅದರ ಮೇಲೆ ಒಬ್ಬ ಮನುಷ್ಯ ನಡೆದು ಹೋಗಬಹುದಾ ಅಂತ ಯಾರಾದ್ರೂ ಬರೆದದ್ದು ನಾನು ನೋಡ್ಲಿಲ್ಲ.

ಈ ಜನವರಿಗೆ ಊರಿಗೆ ಬಂದಿದ್ದೆ. ಬಂದ ಮೂರನೇ ದಿನ ಅಮ್ಮನೇ ಹೊರಡಿಸಿದ್ರು, ಬಂದರಿಗೆ ಹೋಗುವ ಅಂತ. ದಕ್ಕೆಯ ಬದಿಯಲ್ಲಿ ಲಾರಿ, ಐಸ್ ಪೆಟ್ಟಿಗೆ, ಮೀನಿನ ಬುಟ್ಟಿ ಎಲ್ಲ ದಾಟಿ, ಸೆರಗು ಎತ್ತಿ ಹಿಡ್ಕೊಂಡು ಕೆಸರು ತಪ್ಪಿಸ್ತಾ, ಬೆಂಗ್ರೆಗೆ ಹೋಗುವ ದೋಣಿ ಹತ್ತಿದ್ವಿ. ಶಾಲೆ ಮಕ್ಕಳು, ಸೈಕಲ್ಲು, ತರಕಾರಿ ಚೀಲ ಹಿಡ್ಕೊಂಡ ಹೆಂಗಸರು, ನಾವಿಬ್ಬರು. ದೋಣಿ ನಡು ಹೊಳೆಗೆ ಬಂದಾಗ ಅಮ್ಮ ಬಗ್ಗಿ ಕೈ ನೀರಿಗೆ ಹಾಕಿದ್ರು. ದೋಣಿಯವರು ನೋಡಿ "ಜಾಗ್ರತೆ ಅಮ್ಮ, ಎಂತ ಬಿತ್ತಾ ನೀರಿಗೆ?" ಅಂತ ಕೇಳಿದ್ರು.

"ಎಂತ ಇಲ್ಲ," ಅಂದ್ರು ಅಮ್ಮ, ಬೆರಳು ತುಟಿಗೆ ಮುಟ್ಟಿಸಿ, "ಉಪ್ಪು ಎಲ್ಲಿವರೆಗೆ ಬಂದಿದೆ ಅಂತ ನೋಡಿದ್ದು."