ತೆರೆಯ ಮೇಲಿನ 84 ರೂಪಾಯಿ

ವಿಜಯಪುರದ ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ಡೀಲರ್ ಆಗಿ ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪು, ಈ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದನ್ನು ಯಾವ ತರಬೇತಿಗಿಂತಲೂ ಚೆನ್ನಾಗಿ ಕಲಿಸಿತು. ಒಣದ್ರಾಕ್ಷಿ ವ್ಯಾಪಾರಿಯಾಗಿದ್ದ ಗ್ರಾಹಕರೊಬ್ಬರು ಫೋನ್ ಮಾಡಿ, ಸಣ್ಣ ಕಂಪನಿಯೊಂದರ ಷೇರಿನ ದರ ಕೇಳಿದರು. ಕಂಪ್ಯೂಟರ್ ತೆರೆಯನ್ನು ನೋಡಿ 84 ರೂಪಾಯಿ ಎಂದೆ. ತಮ್ಮಲ್ಲಿದ್ದ 2,000 ಷೇರುಗಳನ್ನೂ ಮಾರಲು ಹೇಳಿದರು. ನಾನು ಮಾರ್ಕೆಟ್ ಆರ್ಡರ್ ಹಾಕಿದೆ. ಕ್ಷಣಾರ್ಧದಲ್ಲಿ ಎಲ್ಲವೂ ಮಾರಾಟವಾದವು, ಆದರೆ ಸಿಕ್ಕ ಸರಾಸರಿ ದರ ಸುಮಾರು 81 ರೂಪಾಯಿ 33 ಪೈಸೆ.

“84 ಅಂದಿದ್ರೆಲ್ರಿ ಸರ, ನಡುವ 5 ಸಾವಿರ ಯಾರ ತಿಂದ್ರು?” ಎಂದು ಅವರು ಕೇಳಿದರು.

ಯಾರೂ ತಿಂದಿರಲಿಲ್ಲ. 84 ಎಂಬುದು ಅದಾಗಲೇ ಮುಗಿದುಹೋದ ಕೊನೆಯ ವಹಿವಾಟಿನ ದರವಾಗಿತ್ತೇ ಹೊರತು, ಮುಂದಿನ 2,000 ಷೇರುಗಳಿಗೆ ಯಾರೋ ಕೊಟ್ಟ ಮಾತಾಗಿರಲಿಲ್ಲ. ಆ ಹೊತ್ತಿಗೆ 84ಕ್ಕೆ ಕೊಳ್ಳಲು ನಿಂತಿದ್ದವರ ಬೇಡಿಕೆ ಕೇವಲ 150 ಷೇರು, 83.60ಕ್ಕೆ 200, 83ಕ್ಕೆ 400, 81.50ಕ್ಕೆ 500, ಅದರ ಕೆಳಗೆ 79.20ಕ್ಕೆ ಉಳಿದದ್ದು. ಮಾರ್ಕೆಟ್ ಆರ್ಡರ್ ಎಂದರೆ ‘ಸಿಕ್ಕ ದರಕ್ಕೆ ಕೊಡು’ ಎಂಬ ಅಪ್ಪಣೆ. ಕಂಪ್ಯೂಟರ್ ಅದನ್ನು ಅಕ್ಷರಶಃ ಪಾಲಿಸಿ, ಮೇಲಿನ ಸಾಲನ್ನು ಖಾಲಿ ಮಾಡಿ ಕೆಳಗಿನ ಸಾಲಿಗೆ ಇಳಿಯುತ್ತ ಹೋಯಿತು. ಐದೂ ಸಾಲುಗಳು ನನ್ನ ಕಣ್ಣೆದುರಿಗೇ ಇದ್ದವು, ನಾನು ಓದಿರಲಿಲ್ಲ.

ಎಪಿಎಂಸಿಯ ವ್ಯವಹಾರ ಬಲ್ಲ ಅವರಿಗೆ ಅದೇ ಭಾಷೆಯಲ್ಲಿ ವಿವರಿಸಬೇಕಾಯಿತು. ಇ-ಟೆಂಡರಿನಲ್ಲಿ ಒಂದು ಲಾಟಿಗೆ ವ್ಯಾಪಾರಿಗಳು ಒಬ್ಬರದು ಒಬ್ಬರಿಗೆ ಕಾಣದಂತೆ ದರ ಬರೆಯುತ್ತಾರೆ, ಸಮಯ ಮುಗಿದ ಮೇಲೆ ಹೆಚ್ಚಿನ ದರ ಗೆಲ್ಲುತ್ತದೆ, ಒಪ್ಪದಿದ್ದರೆ ರೈತ ಮಾಲು ಕೊಡದೆ ಇರಬಹುದು. ಷೇರುಪೇಟೆಯಲ್ಲಿ ಇದಕ್ಕೆ ಸ್ವಲ್ಪ ಹತ್ತಿರವಾದದ್ದು, ಆರ್ಡರುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಆರಂಭದ ದರ ಕಂಡುಹಿಡಿಯುವ ಬೆಳಗಿನ 9 ಗಂಟೆಯ ಪೂರ್ವಾವಧಿ. 9.15ರಿಂದ 3.30ರವರೆಗೆ ಕೊಳ್ಳುವವರೂ ಮಾರುವವರೂ ಎರಡು ಸರದಿಗಳಲ್ಲಿ ನಿಂತಿರುತ್ತಾರೆ. ಒಳ್ಳೆಯ ದರ ಹೇಳಿದವರು ಮುಂದೆ, ದರ ಒಂದೇ ಆದರೆ ಮೊದಲು ಬಂದವರು ಮುಂದೆ. ದರ ಬದಲಿಸಿದರೆ ಅಥವಾ ಷೇರುಗಳ ಸಂಖ್ಯೆ ಹೆಚ್ಚಿಸಿದರೆ ಸರದಿ ತಪ್ಪುತ್ತದೆ. ಸಂಖ್ಯೆ ಕಡಿಮೆ ಮಾಡಿದರೆ ತಪ್ಪುವುದಿಲ್ಲ. ಈ ಕೊನೆಯ ನಿಯಮ ಅನೇಕ ಹಳೆಯ ಡೀಲರ್‌ಗಳಿಗೂ ನೆನಪಿರುವುದಿಲ್ಲ.

ಕೊಂಡವರು ಯಾರೆಂದು ಅವರು ಮತ್ತೆ ಕೇಳಿದರು. ಅದು ನಮಗೂ ತಿಳಿಯುವುದಿಲ್ಲ. ದಲ್ಲಾಳಿಗಳು ಎದುರುಬದುರು ನಿಂತು ಕೂಗುತ್ತಿದ್ದ ಕಾಲದಲ್ಲಿ ಮುಖ ಕಾಣುತ್ತಿತ್ತು. 1994ರ ನವೆಂಬರಿನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ತೆರೆಯ ಮೇಲೆ ಷೇರು ವಹಿವಾಟು ಆರಂಭಿಸಿ, ಮರುವರ್ಷ ಮುಂಬೈ ಷೇರುಪೇಟೆಯೂ ಅದೇ ಹಾದಿ ಹಿಡಿದ ಮೇಲೆ ಹೆಸರು ಮರೆಯಾಯಿತು. ಇದರಿಂದ ನಮ್ಮಂಥ ಊರಿನವರಿಗೆ ಲಾಭವೇ ಆಗಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆರ್ಡರ್ ಬಂದದ್ದು ಮುಂಬೈಯಿಂದಲೋ ವಿಜಯಪುರದಿಂದಲೋ ಎಂದು ಆ ಸರದಿ ಕೇಳುವುದಿಲ್ಲ. ಹಣದ ಭಯವೂ ಬೇಡ. ಕ್ಲಿಯರಿಂಗ್ ಕಾರ್ಪೊರೇಷನ್ ಇಬ್ಬರ ನಡುವೆ ನಿಂತು ಮಾರಿದವರಿಗೆ ಕೊಳ್ಳುವವನಾಗಿ, ಕೊಂಡವರಿಗೆ ಮಾರುವವನಾಗಿ ಲೆಕ್ಕ ಚುಕ್ತಾ ಮಾಡುತ್ತದೆ. 2023ರ ಜನವರಿಯಿಂದ ಎಲ್ಲ ಷೇರುಗಳ ಲೆಕ್ಕವೂ ಮುಂದಿನ ವಹಿವಾಟಿನ ದಿನಕ್ಕೇ ಮುಗಿಯುತ್ತಿದೆ.

ಅಂದಿನಿಂದ ನಾನು ದರದ ಜೊತೆಗೆ ಕೊಳ್ಳುವವರ ಐದು ಸಾಲುಗಳನ್ನೂ ಓದಿ ಹೇಳಿ, ಸಣ್ಣ ಕಂಪನಿಗಳ ಷೇರುಗಳಿಗೆ ಲಿಮಿಟ್ ಆರ್ಡರ್, ಅಂದರೆ ‘ಈ ದರಕ್ಕಿಂತ ಕೆಳಗೆ ಮಾರಬೇಡ’ ಎಂಬ ಅಪ್ಪಣೆ, ಮಾತ್ರ ಹಾಕುತ್ತೇನೆ. ಅದೇ ವ್ಯಾಪಾರಿ ಕೆಲವು ತಿಂಗಳ ಬಳಿಕ ಇನ್ನೊಂದು ಷೇರನ್ನು 112ಕ್ಕಿಂತ ಕೆಳಗೆ ಕೊಡುವುದಿಲ್ಲವೆಂದು 1,000 ಮಾರಲು ಹೇಳಿದರು. 3.30ರ ಹೊತ್ತಿಗೆ 360 ಮಾತ್ರ ಮಾರಾಟವಾಗಿ ಉಳಿದ ಆರ್ಡರ್ ತಾನಾಗಿಯೇ ರದ್ದಾಯಿತು. ಮರುದಿನ ಬೆಳಿಗ್ಗೆ ಆ 640 ಷೇರುಗಳನ್ನು ಹೊಸದಾಗಿ ಸರದಿಗೆ ಹಚ್ಚಿದೆವು.