ಅಬ್ಬಿ ರೋಡಲ್ಲಿ ಸಿಗದೇ ಇದ್ದಿದ್ದು ಸ್ಟಾಕ್‌ಪೋರ್ಟಲ್ಲಿ ಸಿಕ್ತು

ಅಬ್ಬಿ ರೋಡಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ರೂ ಅಲ್ಲಿಂದ್ಲೇ ಶುರು ಮಾಡೋದು, ಮತ್ತೆ ಇಂಗ್ಲೆಂಡಿನ ರಾಕ್ ಆಲ್ಬಮ್ಮುಗಳ ಊರುಗಳನ್ನ ಸುತ್ತಿದ ಈ ಇಡೀ ಟ್ರಿಪ್ಪಲ್ಲಿ ತುಂಬಾ ಸಪ್ಪೆ ಅನ್ಸಿದ ಜಾಗಾನೂ ಅದೇ. ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಟ್ಯೂಬ್ ಸ್ಟೇಷನ್ನಲ್ಲಿ ಇಳಿದು ಸ್ವಲ್ಪ ನಡೆದ್ರೆ, ಬೀಟಲ್ಸ್ ಬ್ಯಾಂಡಿನ ನಾಲ್ಕೂ ಜನ ಸಾಲಾಗಿ ದಾಟೋ ಅಬ್ಬಿ ರೋಡ್ ಆಲ್ಬಮ್ ಕವರಿನ ಆ ಜೀಬ್ರಾ ಕ್ರಾಸಿಂಗು. ಕಣ್ಣಿಗೆ ಬೀಳೋಕೆ ಮುಂಚೆನೇ ಹಾರ್ನ್ ಕಿವಿಗೆ ಬೀಳುತ್ತೆ, ಯಾಕಂದ್ರೆ ಅದು ನಿಜವಾಗ್ಲೂ ಬಸ್ಸು ಕಾರು ಓಡಾಡೋ ರೋಡು, ನಾಲ್ಕು ನಾಲ್ಕು ಜನ ಸಾಲಾಗಿ ಕಾಲು ಅಗಲಿಸ್ಕೊಂಡು ಮಧ್ಯದಲ್ಲಿ ನಿಂತ್ಕೊಂಡ್ರೆ ಡ್ರೈವರ್ ಏನ್ ಮಾಡ್ಬೇಕು ಪಾಪ. 1969ರ ಆಗಸ್ಟ್ 8ನೇ ತಾರೀಕು ಫೋಟೋಗ್ರಾಫರ್ ಇಯಾನ್ ಮ್ಯಾಕ್‌ಮಿಲನ್ ಒಂದು ಏಣಿ ಹತ್ತಿ ನಿಂತು ಆರೇ ಆರು ಫೋಟೋ ತೆಗೆದು ಇಳ್ದಿದ್ದು, ಟ್ರಾಫಿಕ್ ನಿಲ್ಸೋಕೆ ಒಬ್ಬ ಪೊಲೀಸ್ ಇದ್ದ. ಈಗ ಪೊಲೀಸೂ ಇಲ್ಲ ಏಣಿನೂ ಇಲ್ಲ, ಸೆಲ್ಫಿ ಸ್ಟಿಕ್ ಮಾತ್ರ. 2010ರಲ್ಲಿ ಈ ಬಿಳಿ ಪಟ್ಟಿಗಳಿಗೆ ಅಲ್ಲಿನ ಸರ್ಕಾರ ಪಾರಂಪರಿಕ ರಕ್ಷಣೆ ಬೇರೆ ಕೊಟ್ಟಿದೆ, ನಮ್ಮಲ್ಲಿ ಶಾಸನಗಳು ಹೊಲದಲ್ಲಿ ಬಿದ್ದಿರೋದು ನೆನಪಾಗಿ ಸ್ವಲ್ಪ ಹೊಟ್ಟೆ ಉರೀತು.

ಅಲ್ಲಿ ಒಂದು ವೆಬ್‌ಕ್ಯಾಮ್ ಇದೆ, ದಿನಪೂರ್ತಿ ಲೈವು. ಅಕ್ಕ ಸಾಗರದಲ್ಲಿ ಅಮ್ಮನ ಮನೇಲಿ ಕೂತು ಅದನ್ನ ನೋಡ್ತಾ ಫೋನಲ್ಲಿ "ಎಡಕ್ಕೆ ಬಾ, ನಿನ್ನ ಭಾವನ್ನ ಮುಂದೆ ಬಿಡು, ಬಸ್ ಬಂತು ಬಸ್ ಬಂತು" ಅಂತ ಡೈರೆಕ್ಷನ್ ಕೊಡ್ತಾ ಇದ್ಲು. ಈ ಟ್ರಿಪ್ಪಲ್ಲಿ ನಂಜೊತೆ ಇದ್ದಿದ್ದು ಭಾವನೇ, ಮಿಲ್ಟನ್ ಕೀನ್ಸಲ್ಲಿ ಕೆಲಸ, ಈಸ್ಟರ್ ರಜೆ ಇತ್ತು, ಕಾರೂ ಅವರದ್ದೇ. 2002ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಅವರು ಹಾಸ್ಟೆಲ್ ಗ್ಯಾಂಗ್ ಕಟ್ಕೊಂಡು ಹೋಗಿದ್ರಂತೆ, ಅವತ್ತಿಂದ ಅವರ ಪಾಲಿಗೆ ರಾಕ್ ಅಂದ್ರೆ ಪಿಂಕ್ ಫ್ಲಾಯ್ಡು, ಪಿಂಕ್ ಫ್ಲಾಯ್ಡ್ ಅಂದ್ರೆ ಡಾರ್ಕ್ ಸೈಡ್ ಆಲ್ಬಮ್ಮು, 1980ರ ನಂತರ ಜಗತ್ತಲ್ಲಿ ಹಾಡೇ ಹುಟ್ಟಿಲ್ಲ. ನಂದು ಉಲ್ಟಾ. ಹಾಗಾಗಿ ಹೊರಡೋ ಮುಂಚೆನೇ ರೂಲ್ಸ್ ಮಾಡ್ಕೊಂಡ್ವಿ: ಯಾವ ಊರಿಗೆ ಹೋಗ್ತೀವೋ ಆ ಊರಿನ ಆಲ್ಬಮ್, ಮೊದಲನೇ ಹಾಡಿಂದ ಕೊನೇವರೆಗೂ, ಶಫಲ್ ಇಲ್ಲ, ಮಧ್ಯದಲ್ಲಿ ಸ್ಕಿಪ್ ಮಾಡಂಗಿಲ್ಲ, ಬೈಯ್ಬೋದು.

ಬೈಗುಳ ಅಲ್ಲೇ ಶುರುವಾಯ್ತು. ಅಬ್ಬಿ ರೋಡ್ ಆಲ್ಬಮ್ಮಿನ ಎರಡನೇ ಸೈಡ್ ಬಗ್ಗೆ ನಂದೇನೂ ತಕರಾರಿಲ್ಲ, ಒಂದಕ್ಕೊಂದು ಪೋಣಿಸಿರೋ ಆ ತುಂಡು ಹಾಡುಗಳು ಈಗ್ಲೂ ಮೈ ಜುಮ್ ಅನ್ಸುತ್ತೆ. ಆದ್ರೆ ಮೊದಲನೇ ಸೈಡಲ್ಲಿ ಮ್ಯಾಕ್ಸ್‌ವೆಲ್ ಸುತ್ತಿಗೆ ಹಾಡನ್ನ ಯಾರು ಇಷ್ಟಪಟ್ಟು ಕೇಳ್ತಾರೋ ನನಗಂತೂ ಅರ್ಥ ಆಗಲ್ಲ. ಅಸಲಿ ವಿಷಯ ಇರೋದು ರೋಡಲ್ಲಿ ಅಲ್ಲ, ಪಕ್ಕದ ಬಿಳೀ ಬಿಲ್ಡಿಂಗಿನ ರೆಕಾರ್ಡಿಂಗ್ ಸ್ಟುಡಿಯೋ ಒಳಗೆ, ಅಲ್ಲಿ ನಮ್ಮನ್ನ ಬಿಡಲ್ಲ, ಗೋಡೆ ಮೇಲೆ ಬರೆದು ವಾಪಸ್ ಬರ್ಬೇಕು ಅಷ್ಟೆ, ಅದಕ್ಕೂ ಆಗಾಗ ಬಿಳಿ ಬಣ್ಣ ಹೊಡೆದು ಅಳಿಸ್ತಾ ಇರ್ತಾರೆ. 1966ರಲ್ಲಿ ಅದರೊಳಗೆ ಬೀಟಲ್ಸ್ ರಿವಾಲ್ವರ್ ಆಲ್ಬಮ್ ಮಾಡಿದ್ರು. ಅದರ ಕೊನೇ ಹಾಡು ಟುಮಾರೋ ನೆವರ್ ನೋಸ್ ಶುರು ಆಗೋದೇ ತಂಬೂರಿಯಿಂದ, ಇಡೀ ಹಾಡು ಹೆಚ್ಚುಕಮ್ಮಿ ಒಂದೇ ಶ್ರುತಿ ಮೇಲೆ ನಿಂತಿದೆ, ಟೇಪ್ ತುಂಡುಗಳನ್ನ ಸುತ್ತು ಹಾಕಿ ಓಡಿಸಿದ ವಿಚಿತ್ರ ಸದ್ದು ಅದರ ಮೇಲೆ ಹಾರಾಡ್ತಾ ಇರುತ್ತೆ, ಬೀಟಲ್ಸಿನ ಜಾನ್ ಲೆನ್ನನ್ ದನಿ ಆರ್ಗನ್ನಿನ ತಿರುಗೋ ಸ್ಪೀಕರ್ ಒಳಗಿಂದ ಬರುತ್ತೆ. ಇಲ್ಲಿನವರಿಗೆ ಇದು ಅವತ್ತು ಬೇರೆ ಗ್ರಹದ್ದು ಅನ್ಸಿತ್ತು. ನಮ್ಮಂಥವರಿಗೆ, ಪಕ್ಕದ ಮನೇಲಿ ಬೆಳಗ್ಗೆ ಆರಕ್ಕೆ ಶ್ರುತಿ ಪೆಟ್ಟಿಗೆ ಆನ್ ಮಾಡಿ ಸರಳೆವರಸೆ ಹಾಡೋದು ಕೇಳಿ ಬೆಳೆದವರಿಗೆ, ಆ ಹಾಡಲ್ಲಿ ಏನೂ ಕಷ್ಟ ಇಲ್ಲ, ಸೀದಾ ಒಳಗೆ ಹೋಗುತ್ತೆ. ಅದಕ್ಕೇ ನಂಗೆ ಅವರ ಮುಂದಿನ ಆಲ್ಬಮ್ ಸಾರ್ಜೆಂಟ್ ಪೆಪ್ಪರ್‌ಗಿಂತ ರಿವಾಲ್ವರ್ ಮೇಲು. ಭಾವ ಇದನ್ನ ಒಪ್ಪಲ್ಲ. "ಪೆಪ್ಪರ್ ಮುಟ್ಬೇಡ ಮಾರಾಯ" ಅಂದ್ರು.

ಸಂಜೆ ಬ್ಯಾಟರ್‌ಸೀ ಪವರ್ ಸ್ಟೇಷನ್. ಪಿಂಕ್ ಫ್ಲಾಯ್ಡಿನ ಅನಿಮಲ್ಸ್ ಆಲ್ಬಮ್ ಕವರಲ್ಲಿ ನಾಲ್ಕು ಚಿಮಣಿ ಮಧ್ಯ ಹಂದಿ ಹಾರ್ತಾ ಇರುತ್ತಲ್ಲ, ಅದೇ. 1976ರ ಡಿಸೆಂಬರಲ್ಲಿ ನಿಜವಾಗ್ಲೂ ಒಂದು ದೊಡ್ಡ ಗಾಳಿ ಹಂದಿ ಕಟ್ಟಿದ್ರು, ಮೊದಲನೇ ದಿನ ಹಾರಿದ್ರೆ ಹೊಡೆದು ಇಳಿಸೋಕೆ ಬಂದೂಕಿನವನು ಇದ್ದ, ಅವತ್ತು ಅದು ಹಾರಲಿಲ್ಲ, ಮಾರನೇ ದಿನ ಅವನನ್ನ ಕರೆಸ್ಲಿಲ್ಲ, ಸರಿಯಾಗಿ ಅವತ್ತೇ ಹಗ್ಗ ಕಿತ್ತು ವಿಮಾನಗಳ ದಾರಿಗೆ ಹೋಗಿ ಕೊನೆಗೆ ಕೆಂಟ್ ಕಡೆ ಯಾರದ್ದೋ ಜಮೀನಲ್ಲಿ ಇಳೀತು. ಈಗ ಆ ಪವರ್ ಸ್ಟೇಷನ್ ಒಳಗಡೆ ಶಾಪಿಂಗ್ ಮಾಲು, 2022ರಲ್ಲಿ ಓಪನ್ ಆಗಿದೆ, ಮೇಲೆ ಆ್ಯಪಲ್ ಕಂಪನಿ ಆಫೀಸು, ಒಂದು ಚಿಮಣಿ ಒಳಗೆ ಲಿಫ್ಟ್ ಹಾಕಿ ಟಿಕೆಟ್ ಮಾರ್ತಾರೆ. ದುಡ್ಡಿನ ಹಿಂದೆ ಓಡೋ ನಾಯಿಗಳನ್ನ ಹದಿನೇಳು ನಿಮಿಷ ಬೈಯ್ಯೋ ಹಾಡನ್ನ ಕಿವಿಗೆ ಹಾಕ್ಕೊಂಡು ಆ ವಾಚು ಪರ್ಫ್ಯೂಮ್ ಅಂಗಡಿಗಳ ಮಧ್ಯ ಓಡಾಡಿದೆ ನಾನು, ಇದಕ್ಕಿಂತ ಸರಿಯಾದ ಜಾಗ ಆ ಆಲ್ಬಮ್‌ಗೆ ಸಿಗಲ್ಲ. ಫ್ಲಾಯ್ಡ್ ದೊಡ್ಡ ಹೆಸರು ಆದ್ಮೇಲೆ ಮಾಡಿದ್ರಲ್ಲಿ ನಂಗೆ ಇದೇ ಇಷ್ಟ, ಸಿಟ್ಟಿದೆ, ಕೊಳಕಿದೆ. ಡಾರ್ಕ್ ಸೈಡ್ ನಂಗೆ ಯಾವಾಗ್ಲೂ ಇಸ್ತ್ರಿ ಮಾಡಿಟ್ಟ ಬಿಳೀ ಅಂಗಿ ಥರ, ಕಲೆ ಹುಡುಕಿದ್ರೂ ಸಿಗಲ್ಲ, ಹಾಕ್ಕೊಳ್ಳೋಕೆ ಭಯ.

ಮಾರನೇ ದಿನ ಕೇಂಬ್ರಿಡ್ಜು. ಕಾಲೇಜು ಚರ್ಚು ದೋಣಿ ಎಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಬಿಡಿ. ನಾವು ಹೋಗಿದ್ದು ಗ್ರ್ಯಾಂಚೆಸ್ಟರ್ ಮೆಡೋಸ್‌ಗೆ. ಊರಿಂದ ಕ್ಯಾಮ್ ನದಿ ದಂಡೇಲೇ ಕಾಲುದಾರಿ, ಗದ್ದೆ ಬಯಲಿನ ಹಾಗೆ ಚಪ್ಪಟೆ ಹುಲ್ಲುಗಾವಲು, ದನ ಮೇಯ್ತಾ ಇರುತ್ವೆ, ಕೊನೇಲಿ ಗ್ರ್ಯಾಂಚೆಸ್ಟರ್ ಅನ್ನೋ ಹಳ್ಳಿ, ಸೇಬಿನ ಮರದ ಕೆಳಗೆ ಕುರ್ಚಿ ಹಾಕಿ ಟೀ ಕೊಡೋ ಒಂದು ತೋಟ. ಫ್ಲಾಯ್ಡಿನ ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಮೂರೂ ಜನ ಬೆಳೆದಿದ್ದು ಈ ಊರಲ್ಲೇ. 1969ರ ಉಮ್ಮಗುಮ್ಮ ಆಲ್ಬಮ್ಮಲ್ಲಿ ವಾಟರ್ಸ್ ಈ ಬಯಲಿನ ಹೆಸರಲ್ಲೇ ಒಂದು ಹಾಡು ಮಾಡಿದಾನೆ, ಬರೀ ಗಿಟಾರು, ಹಿಂದೆ ಹಕ್ಕಿ ಕೂಗು, ಕೊನೇಲಿ ಒಂದು ನೊಣ ಗುಂಯ್ ಅಂತ ಬಂದು ಯಾರೋ ಅದನ್ನ ಹೊಡೆಯೋ ಸದ್ದು. ಇಯರ್‌ಫೋನಲ್ಲಿ ಹಕ್ಕಿ, ಹೊರಗೂ ಹಕ್ಕಿ, ಯಾವುದು ರೆಕಾರ್ಡಿಂಗ್ ಯಾವುದು ನಿಜ ಅಂತ ಭಾವ ಇಯರ್‌ಫೋನ್ ತೆಗೆದು ತೆಗೆದು ಚೆಕ್ ಮಾಡ್ತಾ ಇದ್ರು. ಉಳಿದ ಉಮ್ಮಗುಮ್ಮ ಸ್ಟುಡಿಯೋ ಹಾಡುಗಳ ಬಗ್ಗೆ ಕೇಳ್ಬೇಡಿ, ರೂಲ್ಸ್ ಅಂತ ಕೇಳಿದ್ದು.

ಅಲ್ಲಿಂದ ವಾಪಸ್ ಬರ್ತಾ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್ ಹಾಕಿದ್ವಿ. 1967ರ ಆಲ್ಬಮ್, ಸಿಡ್ ಇದ್ದ ಫ್ಲಾಯ್ಡು. ಬೀಟಲ್ಸ್ ಪೆಪ್ಪರ್ ರೆಕಾರ್ಡ್ ಮಾಡ್ತಾ ಇದ್ದಾಗ ಅದೇ ಬಿಲ್ಡಿಂಗಲ್ಲಿ ಪಕ್ಕದ ಸ್ಟುಡಿಯೋದಲ್ಲಿ ಈ ಹುಡುಗರು ಇದನ್ನ ಮಾಡ್ತಾ ಇದ್ರು, ಒಂದ್ಸಲ ಹೋಗಿ ಇಣುಕಿ ನೋಡಿ ಕೂಡ ಬಂದಿದ್ರು. ಸೈಕೆಡೆಲಿಕ್ ಅಂದ ತಕ್ಷಣ ನಾವು ಬ್ರಿಗೇಡ್ ರೋಡ್ ಪೋಸ್ಟರ್‌ಗಳ ಲೆಕ್ಕದಲ್ಲಿ ಡ್ರಗ್ಸು, ಬಣ್ಣದ ಸುರುಳಿ, ಅಂತರಿಕ್ಷ ಅಂದ್ಕೋತೀವಿ. ಅಂತರಿಕ್ಷ ಇದೆ, ಇಲ್ಲ ಅಂತಲ್ಲ. ಆದ್ರೆ ಈ ಆಲ್ಬಮ್ಮಲ್ಲಿ ಜಾಸ್ತಿ ಇರೋದು ಬೆರ್ಚಪ್ಪ, ಕುಳ್ಳ ಮಾಂತ್ರಿಕರು, ಕಥೆ ಓದಿ ಹೇಳೋ ಅಮ್ಮ, ಬೆಲ್ ಇರೋ ಸೈಕಲ್ಲು, ಆಲ್ಬಮ್ ಹೆಸರೇ ಮಕ್ಕಳ ಪುಸ್ತಕದ ಒಂದು ಅಧ್ಯಾಯದ್ದು. ಆ ನದಿ ದಂಡೇಲಿ ನಡೀತಾ ಕೇಳಿದ್ರೆ ಇದೆಲ್ಲ ಎಲ್ಲಿಂದ ಬಂತು ಅಂತ ಯಾರೂ ವಿವರಿಸೋದೇ ಬೇಡ. ಇಂಗ್ಲಿಷರ ಸೈಕೆಡೆಲಿಕ್ ಅಂದ್ರೆ ಮನೆ ಹಿತ್ತಲು, ಅಮೆರಿಕದವರ ಹಾಗೆ ಮರುಭೂಮಿ ಹೈವೇ ಅಲ್ಲ. ನಂಗೆ ಇಡೀ ಫ್ಲಾಯ್ಡಲ್ಲಿ ಒಂದೇ ಆಲ್ಬಮ್ ಇಟ್ಕೋ ಅಂದ್ರೆ ಇದನ್ನೇ ಇಟ್ಕೊಳ್ಳೋದು. ಸಿಡ್ ಆಮೇಲೆ ತಲೆ ಕೆಟ್ಟು ಬ್ಯಾಂಡ್ ಬಿಟ್ಟು ಇದೇ ಊರಿಗೆ ವಾಪಸ್ ಬಂದು ತೋಟ ಮಾಡ್ಕೊಂಡು ಪೇಂಟಿಂಗ್ ಮಾಡ್ಕೊಂಡು ಇದ್ದು 2006ರಲ್ಲಿ ಹೋದ. 1975ರ ಜೂನಲ್ಲಿ ಅವನ ನೆನಪಲ್ಲೇ ಹಾಡು ರೆಕಾರ್ಡ್ ಮಾಡ್ತಾ ಇದ್ದಾಗ ತಲೆ ಹುಬ್ಬು ಬೋಳಿಸ್ಕೊಂಡು ಸ್ಟುಡಿಯೋಗೆ ಬಂದು ನಿಂತ್ರೆ ಸ್ನೇಹಿತರಿಗೇ ಗುರುತು ಸಿಗಲಿಲ್ಲವಂತೆ. ಅವನ ಮನೆ ಹುಡ್ಕೊಂಡು ಹೋಗೋರು ಇದ್ದಾರೆ, ನಾವು ಹೋಗ್ಲಿಲ್ಲ, ಬದುಕಿದ್ದಾಗ್ಲೇ ಜನ ಬಾಗಿಲು ಬಡೀತಾ ಇದ್ರು ಪಾಪ.

ಕೇಂಬ್ರಿಡ್ಜಿಂದ ಮ್ಯಾಂಚೆಸ್ಟರ್‌ಗೆ ಎ14 ಹಿಡಿದು ಆಮೇಲೆ ಎಂ6, ಉದ್ದಕ್ಕೂ ಮಳೆ, ಕಾರಲ್ಲಿ ಅಕ್ಕ ಕಟ್ಟಿ ಕಳ್ಸಿದ್ದ ಅವಲಕ್ಕಿ, ಊರಿಗೆ ಹೋಗೋ ಮುಂಚೆ ಡಬ್ಬಿ ತುಂಬಿಟ್ಟು ಹೋಗಿದ್ಲು. ದಾರೀಲಿ ಮ್ಯಾಂಚೆಸ್ಟರ್ ಬ್ಯಾಂಡು ದ ಸ್ಟೋನ್ ರೋಸಸ್, ಅದೇ ಹೆಸರಿನ ಆಲ್ಬಮ್ಮು, 1989. ಭಾವಂಗೆ ಇದು ಮೊದಲನೇ ಸಲ. ಪ್ರೊಡ್ಯೂಸರ್ ಜಾನ್ ಲೆಕಿ ಕೆಲಸ ಕಲ್ತಿದ್ದು ಅಬ್ಬಿ ರೋಡಲ್ಲೇ ಅಂದ್ಮೇಲೆ ಸ್ವಲ್ಪ ಕಿವಿ ನಿಮಿರಿತು. ವಾಟರ್‌ಫಾಲ್ ಅನ್ನೋ ಹಾಡು ಮುಗಿದ ತಕ್ಷಣ ಅದೇ ಟೇಪನ್ನ ಉಲ್ಟಾ ಓಡಿಸಿ ಅದರ ಮೇಲೆ ಹೊಸದಾಗಿ ಹಾಡಿರೋ ಹಾಡು ಬರುತ್ತೆ, ಅಂದ್ರೆ ಇಂಡಿ, ದೊಡ್ಡ ಕಂಪನಿಗಳ ಹೊರಗೆ ಬೆಳೆದ ರಾಕ್, ಅಂತ ನಾವು ಬೇರೆ ಕಪಾಟಲ್ಲಿ ಇಡೋದು ಅರವತ್ತರ ದಶಕದ ಆಟವನ್ನೇ ಮುಂದುವರಿಸ್ತಾ ಇತ್ತು, ಡ್ರಮ್ಸ್ ಮಾತ್ರ ಡಾನ್ಸಿಗೆ ಬರೋ ಹಾಗೆ. ಮಳೇಲಿ ವೈಪರ್ ತಾಳಕ್ಕೆ ಸರಿಯಾಗಿ ಬೀಳ್ತಾ ಇತ್ತು. ಭಾವ ವಾಲ್ಯೂಮ್ ಜಾಸ್ತಿ ಮಾಡಿದ್ರು, ಬಾಯಲ್ಲಿ ಮಾತ್ರ "ಪರವಾಗಿಲ್ಲ" ಅಂದ್ರು.

ಮ್ಯಾಂಚೆಸ್ಟರ್ ಊರೊಳಗೆ ಹೆಚ್ಚು ಹೇಳೋದಿಲ್ಲ. ಹಾಸಿಯೆಂಡಾ ಕ್ಲಬ್ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್. ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ ಮುಂದೆ ದ ಸ್ಮಿತ್ಸ್ ಬ್ಯಾಂಡಿನ ದ ಕ್ವೀನ್ ಈಸ್ ಡೆಡ್ ಆಲ್ಬಮ್ ಒಳಪುಟದ ಫೋಟೋ ಥರ ನಿಂತ್ಕೊಂಡು ತೆಗೆಸ್ಕೊಂಡ್ವಿ, ಜಾನಿ ಮಾರ್ ಗಿಟಾರ್‌ಗೋಸ್ಕರ ಆ ಆಲ್ಬಮ್ ಇನ್ನೂ ಕೇಳ್ತೀನಿ, ಹಾಡುಗಾರನ ಈಗಿನ ಮಾತುಗಳು ನಂಗೆ ಹಿಡಿಸಲ್ಲ, ಮುಗೀತು.

ಆದ್ರೆ ಸ್ಟಾಕ್‌ಪೋರ್ಟ್. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ರೈಲಲ್ಲಿ ಹತ್ತು ನಿಮಿಷ, ಟೂರಿಸ್ಟ್ ಅನ್ನೋ ಪ್ರಾಣಿ ಇಲ್ಲ. ಇಟ್ಟಿಗೆಯ ಭಾರೀ ರೈಲ್ವೆ ಸೇತುವೆ ಊರ ಮೇಲೇ ಹಾದು ಹೋಗುತ್ತೆ. ವಾಟರ್ಲೂ ರೋಡಲ್ಲಿ ಒಂದು ಸಾಧಾರಣ ಬಿಲ್ಡಿಂಗು, ಗೋಡೇಲಿ ಒಂದು ಫಲಕ, ಅದು ಸ್ಟ್ರಾಬೆರಿ ಸ್ಟುಡಿಯೋಸ್ ಇದ್ದ ಜಾಗ. 1979ರ ಏಪ್ರಿಲಲ್ಲಿ ಜಾಯ್ ಡಿವಿಷನ್ ಅನ್ನೋ ಬ್ಯಾಂಡು ಇಲ್ಲಿ ಅನ್‌ನೋನ್ ಪ್ಲೆಷರ್ಸ್ ಆಲ್ಬಮ್ ರೆಕಾರ್ಡ್ ಮಾಡಿದ್ದು. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಡ್ರಮ್ಮರ್‌ಗೆ ಒಂದೊಂದೇ ಡ್ರಮ್ಮನ್ನ ಬೇರೆ ಬೇರೆಯಾಗಿ ನುಡಿಸೋಕೆ ಹೇಳಿದ್ದು, ಲಿಫ್ಟಿನ ಸದ್ದು ಗಾಜು ಒಡೆಯೋ ಸದ್ದು ಎಲ್ಲ ಒಳಗೆ ಸೇರ್ಸಿದ್ದು. ಸ್ಟೇಜ್ ಮೇಲೆ ಗುದ್ದಾಡೋ ಹಾಗೆ ನುಡಿಸ್ತಿದ್ದ ಹುಡುಗರಿಗೆ ಕೊನೆಗೆ ಕೇಳಿದಾಗ ಬೇಜಾರಾಯ್ತು, ಇದೇನು ನಮ್ಮ ಸದ್ದೇ ಅಲ್ಲ ಅಂತ. ನಂಗೆ ಹ್ಯಾನೆಟ್ಟೇ ಸರಿ. ಆ ಆಲ್ಬಮ್ಮಲ್ಲಿ ಒಂದೊಂದು ವಾದ್ಯದ ಮಧ್ಯ ಖಾಲಿ ಜಾಗ ಇದೆ, ಬೇಸ್ ಗಿಟಾರ್ ರಾಗ ಹಾಡುತ್ತೆ, ಇಯಾನ್ ಕರ್ಟಿಸ್ ದನಿ ಎಲ್ಲೋ ಕಾರಿಡಾರ್ ಆ ಕಡೆಯಿಂದ ಬರುತ್ತೆ. ಖಾಲಿ ಗೋಡೌನು, ಸೇತುವೆ ಕೆಳಗಿನ ಕಮಾನು, ಒದ್ದೆ ಇಟ್ಟಿಗೆ ಇವುಗಳ ಪಕ್ಕ ನಡೀತಾ ಅದನ್ನ ಪೂರ್ತಿ ಕೇಳಿದೆ, ಮೂವತ್ತೊಂಬತ್ತು ನಿಮಿಷ. ಆ ಊರು ಒಂದು ವಾದ್ಯದ ಹಾಗೆ ಒಳಗೆ ಸೇರ್ಕೊಂಡಿದೆ ಅನ್ನಿಸ್ತು. ಹದಿನೈದು ವರ್ಷದಿಂದ ಕೇಳ್ತಿರೋ ಆಲ್ಬಮ್ಮು, ಬೆಂಗಳೂರಿನ ಪಿಜಿ ರೂಮಲ್ಲಿ ಅದು ಬರೀ ದುಃಖದ ಹಾಡು ಆಗಿತ್ತು, ಇಲ್ಲಿ ಅದರ ಅಳತೆ ಸಿಕ್ತು.

ಕವರಲ್ಲಿರೋ ಆ ಬಿಳೀ ಗೆರೆಗಳ ಗುಡ್ಡ, ಈಗ ಟೀಶರ್ಟ್ ಮೇಲೆ ಎಲ್ಲ ಕಡೆ ಕಾಣುತ್ತಲ್ಲ, ಅದು ಒಂದು ಪಲ್ಸಾರ್ ನಕ್ಷತ್ರದ ರೇಡಿಯೋ ಅಲೆ. ಆ ಪಲ್ಸಾರನ್ನ 1967ರಲ್ಲಿ ಕಂಡುಹಿಡಿದಿದ್ದು ಜೋಸೆಲಿನ್ ಬೆಲ್, ಕೇಂಬ್ರಿಡ್ಜ್ ಹತ್ತಿರದ ಬಯಲಲ್ಲೇ. ಇದನ್ನ ಹೇಳಿದ್ಮೇಲೆ ಭಾವ ಎಂಜಿನಿಯರ್ ಆಗಿ ಇಂಪ್ರೆಸ್ ಆದ್ರು, ಆಲ್ಬಮ್ಮಿಗಲ್ಲ.

ಲಿವರ್‌ಪೂಲ್‌ಗೆ ಹೋಗಲೇಬೇಕಿತ್ತು, ಯಾಕಂದ್ರೆ ಆ ಸ್ಟಾಕ್‌ಪೋರ್ಟ್ ಸ್ಟುಡಿಯೋ ಹೆಸರು ಬಂದಿದ್ದೇ ಬೀಟಲ್ಸಿನ ಸ್ಟ್ರಾಬೆರಿ ಫೀಲ್ಡ್ಸ್ ಹಾಡಿಂದ. ಸ್ಟ್ರಾಬೆರಿ ಫೀಲ್ಡ್ ಅಂದ್ರೆ ಸಾಲ್ವೇಶನ್ ಆರ್ಮಿಯವರು ನಡೆಸ್ತಿದ್ದ ಅನಾಥಾಲಯ, ಲೆನ್ನನ್ ಬೆಳೆದ ದೊಡ್ಡಮ್ಮನ ಮನೆ ಹತ್ತಿರಾನೇ, ಚಿಕ್ಕವನಿದ್ದಾಗ ಅಲ್ಲಿನ ಜಾತ್ರೆಗೆ ಹೋಗ್ತಿದ್ದ. 2019ರಿಂದ ಜನರಿಗೆ ತೆರೆದಿದ್ದಾರೆ, ಕೆಂಪು ಗೇಟು, ಹಿಂದೆ ತೋಟ, ಕೆಫೆ. ಇಲ್ಲೂ ನೋಡಿ, ಅಂತರಿಕ್ಷ ಅಲ್ಲ, ಮನೆ ಪಕ್ಕದ ಕಾಂಪೌಂಡು. ಆ ಹಾಡು ಎರಡು ಬೇರೆ ಬೇರೆ ಸ್ಪೀಡು, ಬೇರೆ ಬೇರೆ ಶ್ರುತಿಯ ರೆಕಾರ್ಡಿಂಗನ್ನ ಒಂದು ನಿಮಿಷದ ಹತ್ತಿರ ಅಂಟಿಸಿ ಮಾಡಿದ್ದು, ಸಿಂಗಲ್ ಆಗಿ ಬಿಟ್ರು ಅಂತ ಪೆಪ್ಪರ್‌ಗೆ ಸೇರಿಸ್ಲಿಲ್ಲ, ಅದು ತನ್ನ ದೊಡ್ಡ ತಪ್ಪು ಅಂತ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ನೇ ಆಮೇಲೆ ಹೇಳಿದ್ರು. ನಾನು ಇದನ್ನೇ ಹಿಡ್ಕೊಂಡೆ. "ನೋಡಿ ಭಾವ, ಮಾಡಿದವರೇ ಒಪ್ಕೊಂಡಿದ್ದಾರೆ, ಪೆಪ್ಪರ್ ಅರ್ಧಂಬರ್ಧ." ಅವರು ಉತ್ತರ ಕೊಡದೆ ಸ್ಕೋನ್‌ಗೆ ಜಾಮ್ ಹಚ್ಕೊಂಡ್ರು.

ಕೊನೆಗೆ ಊರೊಳಗೆ ಪ್ರೋಬ್ ರೆಕಾರ್ಡ್ಸ್ ಅನ್ನೋ ಹಳೇ ಅಂಗಡಿ. ಅಲ್ಲಿ ನಾನು ದ ಲಾಸ್ ಅನ್ನೋ ಬ್ಯಾಂಡು ಮಾಡಿದ ಒಂದೇ ಒಂದು ಆಲ್ಬಮ್ ತಗೊಂಡೆ, 1990ರದ್ದು, ಪ್ರೊಡ್ಯೂಸರ್ ಮೇಲೆ ಪ್ರೊಡ್ಯೂಸರ್ ಬದಲಾಯ್ಸಿ, ಕೊನೆಗೂ ಸರಿ ಬಂದಿಲ್ಲ ಅಂತ ಬ್ಯಾಂಡಿನ ಹಾಡುಗಾರ ಲೀ ಮೇವರ್ಸ್ ತನ್ನ ಆಲ್ಬಮ್ಮನ್ನೇ ತಾನು ಬೈಕೊಂಡು ಓಡಾಡಿದ. ಅಷ್ಟು ಬೈಯ್ಯೋ ಆಲ್ಬಮ್ ಅಲ್ಲ ಅದು, ದೇರ್ ಷಿ ಗೋಸ್ ಒಂದಕ್ಕೇ ದುಡ್ಡು ವಸೂಲು, ಉಳಿದಿದ್ದೂ ಮೇವರ್ಸ್ ಹೇಳಿದಷ್ಟು ಕೆಟ್ಟದಾಗಿಲ್ಲ. ಎಕೋ ಆ್ಯಂಡ್ ದ ಬನ್ನಿಮೆನ್ ಅನ್ನೋ ಇನ್ನೊಂದು ಬ್ಯಾಂಡು ಇದ್ರಲ್ಲಿ ಪೂರಾ ಉಲ್ಟಾ, ಅವರ 1984ರ ಓಷನ್ ರೇನನ್ನ ಜಗತ್ತಿನ ಅತ್ಯುತ್ತಮ ಆಲ್ಬಮ್ ಅಂತಲೇ ಜಾಹೀರಾತು ಕೊಟ್ರು. ಒಂದೇ ಊರಿನ ನೀರು ಕುಡಿದವರು. ಕ್ಯಾಶ್ ಕೌಂಟರಲ್ಲಿ ನೋಡಿದ್ರೆ ಭಾವನ ಕೈಯಲ್ಲಿ ಸ್ಟೋನ್ ರೋಸಸ್ ಇತ್ತು, ಅದರ ಕೆಳಗೆ ಇನ್ನೊಂದು. ಪೆಪ್ಪರ್. ಮನೇಲಿ ಆಗ್ಲೇ ಒಂದಿದೆ, ನನಗೆ ಗೊತ್ತು. "ಅದು ನಿಂಗೆ" ಅಂದ್ರು.